ವೀರಪ್ಪನ ಸೈಕಲ್ಲಿನ ಪಾಲು

ಹೊಲ ಪಾಲಾಯಿತು, ಮನೆ ಪಾಲಾಯಿತು, ಹಿತ್ತಾಳೆ ಹಂಡೆಯಿಂದ ಹಿಡಿದು ಕಬ್ಬಿಣದ ಹಾರೆಯವರೆಗೆ ಎಲ್ಲವೂ ಸಲೀಸಾಗಿ ಎರಡಾಯಿತು. ತಕರಾರು ಬಂದದ್ದು ತೀರಿಹೋದ ಅಪ್ಪ ವೀರಪ್ಪನ ಸೈಕಲ್ಲಿಗೆ.

"ಅದು ನಂಗ ಇರಲಿ," ಎಂದ ದೊಡ್ಡ ಮಗ ಆನಂದ. ಸಿರಸಿಯಲ್ಲಿ ಅವನದು ಹೊಸ ಮನೆ. ಹಳೇ ವಿಲಾಯ್ತಿ ಸೈಕಲ್ ಒಂದನ್ನು ಪಡಸಾಲೆಯಲ್ಲಿ ನಿಲ್ಲಿಸುವುದು ಈಗಿನ ಷೋಕಿ ಬೇರೆ.

"ಕಡೀತನಕ ಅಪ್ಪನ್ನ ನೋಡ್ಕೊಂಡಾಂವ ನಾನು. ಸೈಕಲ್ ನಂದು," ಎಂದ ಸಣ್ಣವನು ಸುಭಾಷ್. ಅವನು ದಾಸನಕೊಪ್ಪದಲ್ಲೇ ಉಳಿದು ಹೊಲ ಮಾಡಿದವನು.

"ಹಂಗಾರ ಬಿಚ್ಚಿ ಅರ್ಧ ಅರ್ಧ ಮಾಡ್ಕೊಳ್ಳೂಣು."

"ಬಿಚ್ಚು. ನಾ ಏನ್ ಬ್ಯಾಡ ಅಂದೆನೇನು?"

ಸಿಟ್ಟಿನಲ್ಲಿ ಬಂದ ಮಾತು, ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ವೀರಪ್ಪನ ಮಕ್ಕಳು ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡರೆ ಊರಲ್ಲಿ ತಲೆ ಎತ್ತುವುದು ಹೇಗೆ? ಸುಭಾಷ್ ಒಳಗಿನಿಂದ ಪಾನಾ ತಂದ. ಆನಂದ ಡೀಸೆಲ್ಲಿನ ಡಬ್ಬಿ ತಂದ. ಇಬ್ಬರೂ ಜಮಖಾನ ಹಾಸಿ ಕೂತರು.

ಅಕ್ಕ ಶೈಲಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಬೆಳಿಗ್ಗೆಯೇ ಬನವಾಸಿಯಿಂದ ಬಂದವಳು. ಹೆಣ್ಣುಮಗಳಿಗೆ ಸೀರೆ-ಕುಪ್ಪಸ ಎಂದು ಮೊದಲೇ ಮಾತಾಗಿತ್ತು, ಅವಳೂ ಹೂಂ ಅಂದಿದ್ದಳು. ಆಸ್ತಿಯ ಆಸೆ ಅವಳಿಗಿರಲಿಲ್ಲ. ಅವಳ ಸಂಕಟವೇ ಬೇರೆ. ಬರುವ ಪಂಚಮಿಗೆ ತನ್ನನ್ನು ಕರೆಯಲು ಯಾರು ಬರುತ್ತಾರೆ? ಇವನ ಮನೆಗೆ ಹೋದರೆ ಅವನಿಗೆ ಮುನಿಸು, ಅವನ ಮನೆಗೆ ಹೋದರೆ ಇವನಿಗೆ. ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದಿದ್ದರೆ ತನಗೆ ತವರು ಅಂತ ಉಳಿಯುವುದಾದರೂ ಏನು?

ಒಂದೊಂದೇ ಭಾಗ ಡೀಸೆಲ್ಲಿನಲ್ಲಿ ಮುಳುಗಿ, ಬಟ್ಟೆಯಲ್ಲಿ ಒರೆಸಿಕೊಂಡು ಜಮಖಾನದ ಮೇಲೆ ಬಂತು. ಏನು ಚೆಂದ ಅಂತೀರಿ. ಅಷ್ಟು ವರ್ಷ ಆ ಸೈಕಲ್ ಎದುರಿಗೇ ನಿಂತಿದ್ದರೂ ಯಾರೂ ಅದನ್ನು ಹೀಗೆ ನೋಡಿರಲಿಲ್ಲ. ಪೆಡಲ್ ಕೂರುವ ಹಲ್ಲಿನ ಚಕ್ರದ ನಡುವೆ, ಉಕ್ಕಿನಲ್ಲೇ ಕೊರೆದ ಮೂರು ಕೊಕ್ಕರೆಗಳು. ಬ್ರೇಕಿಗೆ ತಂತಿಯೇ ಇಲ್ಲ, ಎಲ್ಲ ಸಪೂರ ಸರಳುಗಳು, ತಿರುವು ಬಂದಲ್ಲೆಲ್ಲ ಒಂದು ಪುಟ್ಟ ಕೀಲು. ಲೈಟಿನ ಎರಡೂ ಕೆನ್ನೆಗೆ ಹುಣಸೆಬೀಜದಷ್ಟು ಹಸಿರು ಗಾಜು.

"ಅಣ್ಣಾ, ಇಲ್ನೋಡು," ಎಂದ ಸುಭಾಷ್, ಗಾಲಿಯ ನಡುವಿನ ಹಬ್ಬನ್ನು ತಿರುಗಿಸುತ್ತ. "ಎಣ್ಣಿ ಬಿಡೋ ತೂತಿಗೂ ಮುಚ್ಚಳ ಐತಿ."

ಆನಂದ ಉಗುರಿನಿಂದ ಎತ್ತಿ ಬಿಟ್ಟ. ಮುಚ್ಚಳ ಟಪ್ಪೆಂದು ಕೂತಿತು. ಮತ್ತೆ ಎತ್ತಿದ, ಮತ್ತೆ ಬಿಟ್ಟ.

"ಈಗಿನ ಸೈಕಲ್ಲಿಗೆ ಇಷ್ಟು ಜೀವ ತೇಯ್ದು ಯಾರ್ ಮಾಡ್ತಾರೋ."

"ಕೊಡಿಲ್ಲಿ, ನಾನೂ ನೋಡ್ತೀನಿ," ಎಂದ ಸುಭಾಷ್.

ಇಬ್ಬರ ಮೊಣಕಾಲಿಗೆ ಮೊಣಕಾಲು ತಾಗಿತ್ತು, ನಾಲ್ಕೂ ಕೈ ಮಣಿಕಟ್ಟಿನವರೆಗೆ ಕರ‍್ರಗಾಗಿದ್ದವು. ಶೈಲಾಳ ಎದೆ ಹಗುರಾಯಿತು. ಇನ್ನೇನು ಇಬ್ಬರೂ ನಕ್ಕುಬಿಡುತ್ತಾರೆ, ಬಿಚ್ಚಿದ್ದನ್ನು ತಿರುಗಿ ಜೋಡಿಸುತ್ತಾರೆ ಅಂದುಕೊಂಡು ಚಹಾಕ್ಕೆ ನೀರಿಟ್ಟಳು. ಎಲ್ಲಿಯ ಮಾತು. ಚಹಾ ಕುಡಿದು ಲೋಟ ಕೆಳಗಿಟ್ಟವನೇ ಆನಂದ, "ಹೂಂ, ಆರಿಸ್ಕೊ," ಎಂದ.

ಪಾಲು ಮಾಡುವುದು ಎಷ್ಟು ಸುಲಭ ನೋಡಿ. ಗಾಲಿ ಒಬ್ಬರಿಗೊಂದು, ಪೆಡಲ್ ಒಬ್ಬರಿಗೊಂದು, ಮಡ್‌ಗಾರ್ಡ್ ಒಬ್ಬರಿಗೊಂದು. ಕೊಕ್ಕರೆ ಚಕ್ರ ಸುಭಾಷನಿಗೆ ಹೋಯಿತು, ಅದಕ್ಕೆ ಬದಲು ಲೈಟು, ಬೆಲ್ಲು ಆನಂದನಿಗೆ. ಸೀಟು ಸುಭಾಷನಿಗೆ, ಹ್ಯಾಂಡಲ್ ಆನಂದನಿಗೆ. ಚೈನನ್ನೂ ಬಿಡಲಿಲ್ಲ. ಹೊಳೆಯುವ ಸಣ್ಣಪುಟ್ಟದ್ದೆಲ್ಲ ಎರಡು ಗೋಣಿಚೀಲ ಸೇರಿತು.

ಗೋಡೆಗೆ ಒರಗಿ ಫ್ರೇಮು ಮಾತ್ರ ಉಳಿಯಿತು. ಅದರಲ್ಲಿ ಚೆಂದ ಅನ್ನುವಂಥದ್ದು ಏನೂ ಇರಲಿಲ್ಲ. ಬಾಗಿಲಿಗೆ ಬಳಿದು ಮಿಕ್ಕ ಬಣ್ಣವನ್ನು ವೀರಪ್ಪ ಒಮ್ಮೆ ಅದಕ್ಕೆ ಮೆತ್ತಿದ್ದ. ಮುರಿದ ಒಂದು ಕಡೆ ವೆಲ್ಡಿಂಗ್ ಗಂಟು ಬೇರೆ.

"ಇದು ಯಾರಿಗೆ?" ಎಂದಳು ಶೈಲಾ.

"ಅದರಾಗೇನೈತಿ, ಬರೇ ಪೈಪು. ಗುಜರಿಯಾಂವ ಬಂದ್ರ ಹಾಕೂದು," ಎಂದ ಸುಭಾಷ್.

"ನಂಗೂ ಬ್ಯಾಡ," ಎಂದ ಆನಂದ.

"ಹಂಗಾರ ನಾ ಒಯ್ಲೇನು?"

"ಒಯ್ಯಕ್ಕ," ಎಂದರು ಇಬ್ಬರೂ ಒಟ್ಟಿಗೆ. ಆ ದಿನ ಅಣ್ಣತಮ್ಮ ಒಂದೇ ಬಾಯಿಂದ ಆಡಿದ್ದು ಅದೊಂದೇ ಮಾತು.

ಶೈಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫ್ರೇಮಿನೊಳಗೆ ತೋಳು ತೂರಿಸಿ ಹೆಗಲಿಗೇರಿಸಿಕೊಂಡಳು. ಬನವಾಸಿಯ ಬಸ್ಸಿನ ಹೊತ್ತಾಗಿತ್ತು. ಅವಳು ಅಂಗಳ ದಾಟುವಾಗ ಸುಭಾಷ್ ತನ್ನ ಪಾಲಿನ ಗಾಲಿಯನ್ನು ನೆಟ್ಟಗೆ ನಿಲ್ಲಿಸಲು ನೋಡಿದ. ಅದು ಎರಡು ಮಾರು ಉರುಳಿ ಮಗುಚಿ ಬಿತ್ತು. ಆನಂದ ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದ. ಹಿಡಿದವನಿಗೆ ಅದನ್ನು ಎಲ್ಲಿ ಇಡಬೇಕೆಂದು ತೋಚಲಿಲ್ಲ. ಅವನ ಮುಖ ಸಣ್ಣದಾಯಿತು.

"ಅಕ್ಕಾ, ತಡಿ. ಅದಿಲ್ದ ಇವನ್ನೆಲ್ಲ ಯಾತಕ್ಕ ಜೋಡಿಸೂದು?"

ಶೈಲಾ ನಿಂತು ತಿರುಗಿದಳು. ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಿತ್ತು.

"ಇದು ನಮ್ಮ ಮನ್ಯಾಗ ಇರ್ತೈತಿ. ಜೋಡಿಸಬೇಕು ಅನಿಸಿದಾಗ ಬರ್ರಿ. ಆದ್ರ ಇಬ್ಬರೂ ಕೂಡೇ ಬರ್ರಿ. ಒಬ್ಬಾಂವ ಬಂದ್ರ ಒಂದ ಗಾಲಿ ಆಗ್ತೈತಿ."