ಅಳಿಸಿದ ಪ್ರೋಗ್ರಾಮಿನ ಕರೆ

"ಒತ್ತರಿ ವೈನಿ, ಮುಹೂರ್ತಾ ನೋಡಾಕ್ಹತ್ತೀರೇನು?" ನಾದಿನಿ ಮೀನಾ ನಕ್ಕಳು. ಎಂಟರ್ ಕೀಲಿಯ ಮೇಲಿಟ್ಟ ಬೆರಳನ್ನು ರಾಜೇಶ್ವರಿ ಒತ್ತಲಾರದೆ ಕುಳಿತಿದ್ದಳು. ಬೈಲಹೊಂಗಲದ ಅವರ ಕಂಪ್ಯೂಟರ್ ಸೆಂಟರಿಗೆ ಹೊಸ ಥ್ರೆಡ್ ಲೈಬ್ರರಿ, ಅಂದರೆ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಥ್ರೆಡ್ ಎಂಬ ಎಳೆಗಳನ್ನು ನಡೆಸುವ ಕೋಡ್, ಬಂದಿತ್ತು. ಹಳೆಯ ಸಿಸ್ಟಂ ಕಾಲ್‌ಗೆ ಉತ್ತರ ಕೊಡುವ ಭಾಗ ಇನ್ನು ಬೇಕಿರಲಿಲ್ಲ; ಎಂಟರ್ ಒತ್ತಿದರೆ ಅದು ಹೋಗುತ್ತಿತ್ತು. ಆ ಕಾಲ್ ಎಂದರೆ ಒಂದು ಥ್ರೆಡ್ ತನ್ನ ಜೊತೆಯದು ಬದುಕಿದೆಯೇ ಎಂದು ಮಷೀನನ್ನು ಕೇಳುವ ಕರೆ. ಹಾಗೆ ಕೇಳುತ್ತಿದ್ದುದು ತೀರಿಹೋದ ಗಂಡ ವಿರೂಪಾಕ್ಷ ಬರೆದ ಪ್ರೋಗ್ರಾಮೊಂದೇ. ಆ ಪ್ರೋಗ್ರಾಮನ್ನು ನಿನ್ನೆಯೇ ಅಳಿಸಿದ್ದಳು. ಉತ್ತರ ಕೊಡುವ ಈ ಭಾಗವೂ ಹೋದರೆ ಅವನದೆಂಬುದು ಈ ಮಷೀನಿನಲ್ಲಿ ಏನೂ ಉಳಿಯುತ್ತಿರಲಿಲ್ಲ.

ಕಣ್ಣು ಮುಚ್ಚಿ ಒತ್ತಿದಳು. ಪರದೆಯ ಮೇಲೆ ಸಾಲೊಂದು ಮೂಡಿತು: ಹಳೆಯ ಕರೆ ಬಂದಿದೆ, ಉತ್ತರವಿಲ್ಲ.

"ಅಂಜಬ್ಯಾಡ್ರಿ. ಫೈಲ್ ಅಳಿಸಿದ್ರೂ ಓಡೂ ಪ್ರೋಗ್ರಾಮ್ ಮಷೀನ್ ಬಂದ್ ಮಾಡೂತನಕಾ ಜೀವಂತ ಇರ್ತೈತಿ," ಎಂದು ಮೀನಾ ಪ್ಲಗ್ ಕಿತ್ತು, ಮತ್ತೆ ಹಾಕಿ ಚಾಲೂ ಮಾಡಿದಳು. ಈಗ ಮೆಮರಿಯಲ್ಲಿ ಆ ಪ್ರೋಗ್ರಾಮಿನ ಸುಳಿವೂ ಇರಲಿಲ್ಲ.

ಆದರೂ ಅದೇ ಸಾಲು ಮತ್ತೆ ಮೂಡಿತು. ಮೀನಾಳ ನಗು ಆರಿತು. ರಾಜೇಶ್ವರಿ ಮಾತ್ರ ತೆಗೆದ ಭಾಗವನ್ನು ಮೆಲ್ಲಗೆ ಮತ್ತೆ ಬರೆಯತೊಡಗಿದ್ದಳು.

"ಏನ್ ಮಾಡಾಕ್ಹತ್ತೀರಿ ವೈನಿ?"

"ನಾ ಇದ್ದೇನಿ ಅಂತ ಹೇಳಬ್ಯಾಡೇನ? ನಿಮ್ಮಣ್ಣ ಅಲ್ಲಿ ಒಬ್ಬರ ಕುಂತ ಕೇಳಾಕ್ಹತ್ಯಾರ."