ನಾಲ್ಕು ಕಣ್ಣಿನ ನಾಯಿ

ಕಾದಿಸಿಯಾದಲ್ಲಿ ಅರಬರ ದಂಡನ್ನು ಪಾರಸಿಕರು ಹಿಮ್ಮೆಟ್ಟಿಸಿ ಸಾವಿರದ ಮುನ್ನೂರ ಎಂಬತ್ತೆಂಟು ವರ್ಷವಾಯಿತೆಂದು ರಾಜಧಾನಿ ಟೆಸಿಫೋನಿನ ರೇಡಿಯೊ ಬೆಳಗಿನಿಂದ ಕಹಳೆ ಊದುತ್ತಿತ್ತು. ಅದೇ ಕಾದಿಸಿಯಾ ಗಡಿಯಿಂದ ದಿನಾಗ್ ಎಂಬಾಕೆಯ ಮಗ ನರ್ಸೆ ನಿನ್ನೆ ಹೆಣವಾಗಿ ಬಂದಿದ್ದ.

ಆಕೆ ಅತ್ತಿರಲಿಲ್ಲ. ಸತ್ತವರಿಗಾಗಿ ಸುರಿಸಿದ ಕಣ್ಣೀರು ಹೊಳೆಯಾಗಿ ಅವರ ದಾರಿಗೆ ಅಡ್ಡ ಹರಿಯುತ್ತದೆಂದು ಆ ನಾಡಿನ ಎಳೆಮಕ್ಕಳಿಗೂ ಗೊತ್ತು. ನರ್ಸೆಗೆ ಈಜು ಬರುತ್ತಿರಲಿಲ್ಲ.

ನಗರಸಭೆಯ ಮಿಹ್ರಾನ್ ನಾಯಿ ಹಿಡಿದುಕೊಂಡು ಬಂದ. ಕಣ್ಣಿನ ಮೇಲೆ ಎರಡು ಕಂದು ಚುಕ್ಕೆಯಿರುವ ಇಂಥ ನಾಯಿ ಸತ್ತವರ ಮುಖ ನೋಡಿ, ಪಕ್ಕದಲ್ಲಿಟ್ಟ ರೊಟ್ಟಿ ತಿಂದರೆ ಮಾತ್ರ ಸಾವು ಖಾತ್ರಿ. ಆಮೇಲೆ ಕಾಗದಕ್ಕೆ ಸಹಿ, ಆಮೇಲೆ ಹೆಣವನ್ನು ಹದ್ದುಗಳಿಗೆ ಒಪ್ಪಿಸುವ ಗೋಪುರ.

"ರೊಟ್ಟಿ ಇಟ್ಟಿದ್ದೀರಾ, ಅಕ್ಕಾ?"

"ಇಟ್ಟಿದ್ದೀನಪ್ಪ. ಎದೆ ಹತ್ರ, ಮೂರು ತುಂಡು."

ನಾಯಿ ಹೆಣದ ಬಳಿ ಹೋಗಿ ರೊಟ್ಟಿಯನ್ನು ಮೂಸಿ ಬಿಟ್ಟಿತು. ನರ್ಸೆಯ ಮುಖದತ್ತ ತಿರುಗಲೇ ಇಲ್ಲ. ಗೋಡೆಗೊರಗಿ ಕೂತಿದ್ದ ದಿನಾಗ್ ಎದುರು ಬಂದು ಕುಳಿತು, ಆಕೆಯ ಮುಖವನ್ನೇ ಎವೆಯಿಕ್ಕದೆ ನೋಡತೊಡಗಿತು.

ಮಿಹ್ರಾನ್ ನಾಚಿಕೆಯಿಂದ ಸರಪಳಿ ಜಗ್ಗಿದ. "ಥೂ, ಇಲ್ಲಲ್ಲ, ಆ ಕಡೆ ನೋಡು! ತಪ್ಪು ತಿಳೀಬೇಡಿ ಅಕ್ಕಾ, ಹೊಸ ನಾಯಿ. ಇನ್ನೂ ನಾಲ್ಕು ಮನೆ ತಿರುಗಿದ್ರೆ ಕಲಿಯುತ್ತೆ."

"ಗದರಬೇಡಪ್ಪ," ಎಂದಳು ದಿನಾಗ್. "ಅದಕ್ಕೆ ಚೆನ್ನಾಗೇ ಗೊತ್ತು."

ಆಕೆ ಎದ್ದು ಹೋಗಿ, ಮಗನ ಎದೆಯ ಬಳಿಯಿದ್ದ ಮೂರೂ ತುಂಡುಗಳನ್ನು ತಂದು ತನ್ನ ಮಡಿಲಲ್ಲಿಟ್ಟುಕೊಂಡು ಮತ್ತೆ ಗೋಡೆಗೊರಗಿದಳು. ನಾಯಿ ತಿನ್ನತೊಡಗಿತು.