ಗುಬ್ಬಿ ಎಂಜಲ

"ನೀವು ನುಂಗಿದ ಗುಳಿಗ್ಯಾಗ ಔಷಧನ ಇದ್ದಿದ್ದಿಲ್ರಿ ಹುಲ್ಲಪ್ಪ. ಬರೇ ಹಿಟ್ಟು," ಎಂದಳು ಡಾಕ್ಟರ್ ಮಹೇಶ್ವರಿ.

ಕುರಿ ಕಾಯುವ ಹುಲ್ಲಪ್ಪ ಕೂತಲ್ಲಿಂದ ಎದ್ದು ನಿಂತ. ಕೊರೊನಾದ ಎರಡನೆಯ ಅಲೆಯಲ್ಲಿ ಬಾಗಲಕೋಟೆಯ ಇದೇ ದವಾಖಾನೆಯಲ್ಲಿ ಮಲಗಿದ್ದಾಗ ಅವನು ಹೊಸ ಔಷಧದ ಪ್ರಯೋಗಕ್ಕೆ ಹೂಂ ಅಂದಿದ್ದ. ಅರ್ಧ ಮಂದಿಗೆ ಖರೆ ಔಷಧ, ಅರ್ಧ ಮಂದಿಗೆ ಹಂಗೇ ಕಾಣುವ ಬರೀ ಗುಳಿಗೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ ಎಂದು ಮಹೇಶ್ವರಿ ಆಗಲೇ ಬಿಡಿಸಿ ಹೇಳಿದ್ದಳು. ಹೇಳಿದ್ದಳು, ಖರೆ. ಆದರೆ ಸಾವಿನ ಬಾಯಿಂದ ಎದ್ದು ಮನೆಗೆ ಬಂದವನು ತನಗೆ ಸಿಕ್ಕಿದ್ದು ಔಷಧವೇ ಎಂದು ತಿಳಿಯದೆ ಇನ್ನೇನು ತಿಳಿದಾನು!

"ಔಷಧ ತಗೊಂಡವರೂ ನಿಮ್ಮಂಗ ಗುಣ ಆದ್ರು, ಹೆಚ್ಚಿಗೇನಿಲ್ಲ. ಅದರಿಂದ ಉಪಯೋಗ ಇಲ್ಲಂತ ತಿಳೀಲಿಕ್ಕೆ ನಿಮ್ಮಂಥವರು ಬೇಕಾಗಿತ್ತು. ಇನ್ನ ಯಾರೂ ಅದನ್ನ ಸುಮ್ಮನ ನುಂಗೂದು ತಪ್ಪಿತು. ನಿಮ್ಮ ಉಪಕಾರ ಭಾಳ ಐತ್ರಿ." ಆಕೆ ಕೈ ಮುಗಿದಳು.

ಹುಲ್ಲಪ್ಪನ ಮುಖ ಅರಳಲಿಲ್ಲ. "ಅಕ್ಕಾರ, ಈಗ ರಾಜಾಗ ನಾ ಏನ ಹೇಳ್ಲಿ?"

ರಾಜಮಹ್ಮದ ಕೆರೂರಿನಲ್ಲಿ ಗಾದಿ ಹೊಲಿಯುವವನು, ಹುಲ್ಲಪ್ಪನ ಬಾಲ್ಯದ ಗೆಳೆಯ. ಆಗ ಪಕ್ಕದ ಮಂಚದಲ್ಲೇ ಮಲಗಿದ್ದ. ಸಕ್ಕರೆ ಕಾಯಿಲೆ ಇದ್ದದ್ದರಿಂದ ಅವನನ್ನು ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ತಾನೊಬ್ಬನೇ ನುಂಗಲು ಹುಲ್ಲಪ್ಪನ ಮನಸ್ಸು ಒಪ್ಪೀತೇ? ನುಂಗಿದಂತೆ ಮಾಡಿ ಗುಳಿಗೆಯನ್ನು ಮುಷ್ಟಿಯಲ್ಲಿ ಉಳಿಸಿಕೊಳ್ಳುವುದು, ನರ್ಸ್ ಆಚೆ ಹೋದ ಮೇಲೆ ಟವಲ್ಲಿನ ಚುಂಗಿನಲ್ಲಿ ಸುತ್ತಿ ಕಟಕ್ಕನೆ ಕಚ್ಚಿ, ಅರ್ಧ ಗೆಳೆಯನಿಗೆ ಕೊಡುವುದು. ಸಾಲೆಯಲ್ಲಿ ಪೆಪ್ಪರಮಿಂಟು ಹಂಚಿಕೊಂಡದ್ದೂ ಹೀಗೆಯೇ. ನಡುವೆ ಬಟ್ಟೆ ಇದ್ದರೆ ಅದು ಎಂಜಲಲ್ಲ, ಗುಬ್ಬಿ ಎಂಜಲ.

"ಅಯ್ಯ ಶಿವನ!" ಹುಲ್ಲಪ್ಪ ಇದನ್ನೆಲ್ಲ ಹೇಳಿದ್ದು ಕೇಳಿ ಮಹೇಶ್ವರಿ ತಲೆ ಹಿಡಿದುಕೊಂಡಳು. "ಅದು ಖರೆ ಔಷಧ ಇದ್ದು, ಅವರ ಸಕ್ಕರಿ ಬ್ಯಾನಿಗೆ ಏನಾರ ಆಗಿದ್ರ? ಇದನ್ನ ಮ್ಯಾಲಿನವರಿಗೆ ತಿಳಸಬೇಕಾಗ್ತೈತ್ರಿ." ಬೈಯುತ್ತಲೇ ಆಕೆಗೆ ನಗು ಬಂತು. ಹುಲ್ಲಪ್ಪನಿಗೆ ಬರಲಿಲ್ಲ. ಅಂದಿನಿಂದ ರಾಜಮಹ್ಮದ ಕಂಡಕಂಡವರ ಮುಂದೆಲ್ಲ "ಈ ಜೀವದಾಗ ಅರ್ಧಾ ಹುಲ್ಲಪ್ಪಂದು" ಎನ್ನುತ್ತಾ ಬಂದಿದ್ದ. ಮೊಮ್ಮಗಳು ಹುಟ್ಟಿದಾಗ ಕೂಸನ್ನು ಮೊದಲು ತಂದು ಹಾಕಿದ್ದು ಹುಲ್ಲಪ್ಪನ ತೊಡೆಯ ಮೇಲೆ.

ಹೊರಗೆ ಬೇವಿನ ಗಿಡದ ಕೆಳಗೆ ರಾಜಮಹ್ಮದ ಎರಡು ಕಪ್ ಚಹಾ ಹಿಡಿದು ಕಾಯುತ್ತಿದ್ದ. ಹೇಳದಿದ್ದರೆ ಇವನಿಗೆ ಹೆಂಗ ಗೊತ್ತಾಗಬೇಕು ಅನ್ನಿಸಿತು ಹುಲ್ಲಪ್ಪನಿಗೆ. ಆದರೆ ಚಹಾವನ್ನು ಬಾಯಿಗಿಡದೆ ಕೆಳಗಿಟ್ಟ.

"ರಾಜಾ, ನಾ ನಿನಗ ಏನೂ ಕೊಟ್ಟಿಲ್ಲೋ. ಗುಳಿಗ್ಯಾಗ ಔಷಧ ಇದ್ದಿದ್ದಿಲ್ಲಂತ. ಬರೇ ಹಿಟ್ಟು. ಸುಳ್ಳೇ ಇಷ್ಟು ವರ್ಷ ನಿನ್ನ ಕಡೆ ಹೊಗಳಿಸಿಕೊಂಡೆ."

ರಾಜಮಹ್ಮದ ಗಡ್ಡ ಕೆರೆದುಕೊಂಡ. "ಕೊಡೂಮುಂದ ನಿನಗ ಅದು ಗೊತ್ತಿತ್ತೇನು?"

"ಬೀರಪ್ಪ ದೇವರಾಣಿ ಇಲ್ಲ. ಔಷಧ ಅಂತನ ತಿಳದಿದ್ದೆ."

"ಅರ್ಧಾನ ನುಂಗಿದ್ರ ನೀ ಉಳೀತೀ ಅಂತ ಆಗ ಖಾತ್ರಿ ಇತ್ತೇನು?"

ಹುಲ್ಲಪ್ಪ ತಲೆ ತಗ್ಗಿಸಿದ. "ಅದೇ ಅಂಜಿಕಿ ಇತ್ತು. ಸಾಲ್ತೈತೋ ಇಲ್ಲೋ ಅಂತ."

ರಾಜಮಹ್ಮದ ಜೇಬಿಗೆ ಕೈ ಹಾಕಿದ. ರಕ್ತದಲ್ಲಿ ಸಕ್ಕರೆ ಇಳಿದಾಗ ಬೇಕೆಂದು ಸದಾ ಇಟ್ಟುಕೊಳ್ಳುತ್ತಿದ್ದ ಪೆಪ್ಪರಮಿಂಟು ತೆಗೆದ. ಅಂಗಿಯ ಚುಂಗಿನಲ್ಲಿ ಸುತ್ತಿ, ಇದ್ದಬದ್ದ ಹಲ್ಲಿನಿಂದ ಕಟಕ್ಕನೆ ಕಚ್ಚಿದ. ಅವನ ಕಣ್ಣು ತುಂಬಿತ್ತು.

"ಹಿಡಿಯಲೇ," ಎಂದು ದೊಡ್ಡ ತುಂಡನ್ನು ಗೆಳೆಯನ ಅಂಗೈಗಿಟ್ಟ. "ಹಿಟ್ಟು ಕೊಟ್ಟವರು ಅವರು. ನೀ ಕೊಟ್ಟದ್ದು ಔಷಧಾನ."